ಹೆಬ್ಬೆಟ್ಟು ಒತ್ತಿದ ಕಂದಾಯ

ಇಂಗ್ಲೆಂಡಿನ ಜನವರಿಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಬಾಯ್ಲರ್ ಇರುವ ಕಪಾಟಿನಲ್ಲಿಟ್ಟು, ಹಳೇ ಸ್ವೆಟರ್ ಹೊದಿಸಿ, ಹಸುಗೂಸಿನ ಹಾಗೆ ನೋಡಿಕೊಂಡರೂ ಬೆಳಗ್ಗೆ ಎದ್ದು ನೋಡಿದರೆ ಹಾಕಿದ ಹಾಗೇ ತಣ್ಣಗೆ ಕೂತಿರುತ್ತದೆ. ಅದೇ ಚಳಿಯಲ್ಲಿ ಸಾಲ ಮಾತ್ರ ಎಷ್ಟು ಚೆನ್ನಾಗಿ ಉಬ್ಬುತ್ತದೆ ಅಂತೀರಿ!

ಮೂರು ವಾರದ ಹಿಂದಿನ ಶನಿವಾರ. ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ನಿಟ್ಟುಸಿರು ಬಿಡುತ್ತಿದ್ದೆ. ಬಾಗಿಲಿನ ಕಿಂಡಿಯಿಂದ ಒಂದು ಲಕೋಟೆ ಬಿತ್ತು. ಈ ದೇಶದಲ್ಲಿ ಒಳ್ಳೆ ಸುದ್ದಿಯೆಲ್ಲ ಇಮೇಲಿನಲ್ಲಿ ಬರುತ್ತದೆ, ಕಾಗದದಲ್ಲಿ ಬರುವುದೆಲ್ಲ ದುಡ್ಡು ಕೇಳುವುದಕ್ಕೇ ಎಂದು ಇಲ್ಲಿದ್ದವರಿಗೆಲ್ಲ ಗೊತ್ತು. ಒಡೆದು ನೋಡಿದೆ. ನಾನು ಬಿಟ್ಟು ಬಂದ ಹಳೇ ಮನೆಯ ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿನ ಮುನಿಸಿಪಾಲಿಟಿಗೆ ಕಟ್ಟುವ ಮನೆ ಕಂದಾಯ, ಬಾಕಿಯಂತೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಮ್ಮ ಮೇಲೆ ಆರ್ಡರ್ ಆಗಿದೆಯಂತೆ. ವಸೂಲಿಯವರ ಫೀಸೂ ಸೇರಿ ಒಟ್ಟು 1,567 ಪೌಂಡ್ ಕಟ್ಟಬೇಕಂತೆ. ಇಲ್ಲದಿದ್ದರೆ ಮನೆಗೇ ಬರುತ್ತಾರಂತೆ.

ಕಾಗದ ಬಂದದ್ದು 'ಮಿಸ್ಟರ್ ಅರಸೀಕೆರೆ' ಎಂಬುವವರಿಗೆ. ಅದು ನಾನೇ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು, ಬಿಡಿಸಿದೆ. ಅಂದಿನಿಂದ ನಮ್ಮ ಊರೇ ನನ್ನ ಮನೆತನದ ಹೆಸರಾಗಿದೆ. ಅಂದರೆ ಕೋರ್ಟು ಸಮನ್ಸ್ ಕೊಟ್ಟದ್ದು ಒಂದು ಇಡೀ ತಾಲ್ಲೂಕಿಗೆ. ತೆಂಗಿನಕಾಯಿ ಮಂಡಿ, ರೈಲ್ವೆ ಜಂಕ್ಷನ್ ಎಲ್ಲಾ ಸೇರಿ ಇಂಗ್ಲೆಂಡಿಗೆ ಬಾಕಿದಾರರು.

ಹಳೇ ಮನೆಯ ಕಥೆ ಸ್ವಲ್ಪ ಹೇಳಬೇಕು. ಈಸ್ಟ್ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಊರು. ಸಾಲುಮನೆ, ನಾಲ್ಕು ಬೆಡ್‌ರೂಮು, ನಾಲ್ಕು ಜನ ಕನ್ನಡದವರು. ನಾನು, ಹುಬ್ಬಳ್ಳಿಯವನೊಬ್ಬ, ಮಾಸ್ಟರ್ಸ್ ಓದುತ್ತಿದ್ದ ಮೈಸೂರಿನ ಹುಡುಗ, ಮತ್ತೆ ತೀರ್ಥಹಳ್ಳಿ ಕಡೆಯ ಒಬ್ಬ ಮಹಾನುಭಾವ. ನಾಲ್ವರ ಹೆಸರಲ್ಲೂ ಒಂದೇ ಬಾಡಿಗೆ ಕರಾರು. ಓನರ್ ಮನೆ ಮಾರುತ್ತೇನೆ ಅಂದದ್ದಕ್ಕೆ ಸೆಪ್ಟೆಂಬರ್ 30ಕ್ಕೆ ನಾಲ್ವರೂ ಗಂಟುಮೂಟೆ ಕಟ್ಟಿ ನಾಲ್ಕು ದಿಕ್ಕಿಗೆ ಹೋದೆವು.

ಊರಲ್ಲಿರುವವರಿಗೆ ಒಂದು ಮಾತು. ನಮ್ಮ ಕಡೆ ಬಾಡಿಗೆದಾರ ಮನೆ ಕಂದಾಯ ಕಟ್ಟುವುದಿಲ್ಲ, ಅದು ಓನರ್ ತಲೆನೋವು. ಇಲ್ಲಿ ಮನೆಯಲ್ಲಿ ಇರುವವನೇ ಕಟ್ಟಬೇಕು. ಪೊಲೀಸು, ಫೈರ್ ಬ್ರಿಗೇಡು, ಲೈಬ್ರರಿ, ಎರಡು ವಾರಕ್ಕೊಮ್ಮೆ ಬಂದು 'ತಪ್ಪು ಡಬ್ಬಿಗೆ ಹಾಕಿದ್ದೀರಿ' ಎಂದು ಚೀಟಿ ಅಂಟಿಸಿ ಹೋಗುವ ಕಸದ ಲಾರಿ, ಎಲ್ಲಕ್ಕೂ ಸೇರಿ ಇದು. ಮನೆಗಳನ್ನು ಎ ಇಂದ ಎಚ್ ತನಕ ಬ್ಯಾಂಡ್ ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ ಇವತ್ತಿಗೂ ಆ ಬ್ಯಾಂಡ್ ನಿಂತಿರುವುದು 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಎನ್ನುವುದರ ಮೇಲೆ. ಆ ದಿನ ನಾನಿನ್ನೂ ಹುಟ್ಟಿರಲಿಲ್ಲ. ನಾನು ಹುಟ್ಟುವ ಮೊದಲೇ ನನಗೊಂದು ಸಾಲ ಅಳೆದು ಇಟ್ಟಿದ್ದರು. ಇದಕ್ಕಿಂತ ಹಿಂದೆ ತಲೆಗಿಷ್ಟು ಎಂದು ಒಂದು ತೆರಿಗೆ ಹಾಕಿ, 1990ರ ಮಾರ್ಚ್‌ನಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಗಲಾಟೆಯಾಗಿ, ಕೊನೆಗೆ ಅದನ್ನು ಕಿತ್ತುಹಾಕಿ 1993ರಲ್ಲಿ ಇದನ್ನು ತಂದರು. ಆ ಜನರ ಸಿಟ್ಟು ನನಗೆ ಈಗ ಅರ್ಥವಾಗುತ್ತಿದೆ.

ನಮ್ಮದು ಸಿ ಬ್ಯಾಂಡ್. ವರ್ಷಕ್ಕೆ 2,000 ಪೌಂಡ್. ಏಪ್ರಿಲ್‌ನಿಂದ ಜನವರಿ ತನಕ ಹತ್ತು ಕಂತು, ಫೆಬ್ರವರಿ ಮಾರ್ಚ್ ಬಿಡುವು. ತಿಂಗಳಿಗೆ 200, ತಲೆಗೆ 50. ಗ್ಯಾಸು ಕರೆಂಟು ನನ್ನ ಪಾಲಿಗೆ ಬಂತು, ನೀರು ಹುಬ್ಬಳ್ಳಿಯವನಿಗೆ, ವೈಫೈ ಮೈಸೂರಿನವನಿಗೆ. ಕೌನ್ಸಿಲ್ ಟ್ಯಾಕ್ಸ್ ತೀರ್ಥಹಳ್ಳಿಯವನ ಜವಾಬ್ದಾರಿ. ಬಿಲ್ಲಿನಲ್ಲಿ ಅವನ ಹೆಸರು ಮೊದಲು, ನನ್ನದು ಎರಡನೆಯದು. ಎಲ್ಲರೂ ಒಂದನೇ ತಾರೀಕು ಅವನಿಗೆ 50 ಕಳಿಸುವುದು, ಅವನು ಕಟ್ಟುವುದು. ನಾವು ಕಳಿಸುತ್ತಿದ್ದೆವು. ವಾಟ್ಸಾಪ್ ಗ್ರೂಪಿನಲ್ಲಿ 'ಕಟ್ಟಿದ್ಯಾ?' ಎಂದು ಕೇಳುತ್ತಿದ್ದೆವು. ಅವನು ಹೆಬ್ಬೆಟ್ಟು ಒತ್ತುತ್ತಿದ್ದ.

ಈ ಹೆಬ್ಬೆಟ್ಟಿನ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಟ್ಟೆ ಉರಿದಿದೆ.

ಅವನು ಎಂಟೆಕ್. ಆದರೆ ಫೋನಿನಲ್ಲಿ ಅಕ್ಷರಸ್ಥ ಅಲ್ಲ. ಯಾವ ಮಾತಿಗೂ ಉತ್ತರ ಆ ಹಳದಿ ಹೆಬ್ಬೆಟ್ಟೇ. 'ಗ್ಯಾಸ್ ಆಫ್ ಮಾಡಿದ್ಯಾ?' ಹೆಬ್ಬೆಟ್ಟು. ಸಂಜೆ ಬಂದು ನೋಡಿದರೆ ತಳ ಹಿಡಿದ ಬೇಳೆಯ ವಾಸನೆ ಬೀದಿ ತಿರುವಿಗೇ ಸ್ವಾಗತ ಮಾಡುತ್ತಿರುತ್ತದೆ. 'ಅಂಗಡಿಯಿಂದ ಹಾಲು ತರ್ಲಾ, ಮೊಸರು ತರ್ಲಾ?' ಹೆಬ್ಬೆಟ್ಟು. 'ಬಾತ್‌ರೂಮಲ್ಲಿ ನೀರು ಸೋರ್ತಿದೆ ಕಣೋ!' ಹೆಬ್ಬೆಟ್ಟು. ಏನೋ ಒಳ್ಳೇದಾಯ್ತು ಅನ್ನುವ ಹಾಗೆ! ತೀರಾ ಸಂತೋಷವಾದರೆ ಅಥವಾ ತೀರಾ ಸಿಟ್ಟು ಬಂದರೆ ಎರಡು ಹೆಬ್ಬೆಟ್ಟು. ಯಾವುದಕ್ಕೆ ಯಾವುದು ಎಂದು ಒಂದು ವರ್ಷ ಜೊತೆಗಿದ್ದರೂ ನನಗೆ ಗೊತ್ತಾಗಲಿಲ್ಲ.

ಆ ಬೇಸಿಗೆಯಲ್ಲಿ ಊರಲ್ಲಿ ನಮ್ಮ ತಾತ ತೀರಿಕೊಂಡರು. ಟಿಕೆಟ್ ಸಿಗಲಿಲ್ಲ, ಹೋಗಲಾಗಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತು ಗ್ರೂಪಿಗೆ ಒಂದೇ ಸಾಲು ಹಾಕಿದೆ. ಅದಕ್ಕೂ ಅವನದು ಹೆಬ್ಬೆಟ್ಟೇ. ಹುಬ್ಬಳ್ಳಿಯವನು ಅವತ್ತು ಅವನಿಗೆ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ರಾತ್ರಿ ಮನೆಗೆ ಬಂದರೆ ಇದೇ ಪುಣ್ಯಾತ್ಮ ಅರ್ಧ ದಿನ ರಜೆ ಹಾಕಿ, ಬಿಸಿ ಅನ್ನ ತಿಳಿಸಾರು ಮಾಡಿ, ತಟ್ಟೆ ಹಾಕಿಕೊಂಡು ಕಾಯುತ್ತಿದ್ದ. ಒಂದು ಮಾತಾಡಲಿಲ್ಲ. ನಾಲ್ಕು ದಿನ ನಾನು ಒಲೆ ಹತ್ತಿರ ಹೋಗದ ಹಾಗೆ ನೋಡಿಕೊಂಡ. ಮನುಷ್ಯ ಒಳ್ಳೆಯವನೇ. ಅವನ ಬೆರಳು ಮಾತ್ರ ಸರಿ ಇಲ್ಲ.

ಸರಿ, ಕಾಗದಕ್ಕೆ ಬರೋಣ. ಫೋಟೋ ತೆಗೆದು ಹಳೇ ಗ್ರೂಪಿಗೆ ಹಾಕಿದೆ. 'ಇದೇನೋ ಇದು?' ಎಂದೆ. ಎರಡು ನಿಮಿಷಕ್ಕೆ ಉತ್ತರ ಬಂತು. ಹೆಬ್ಬೆಟ್ಟು. 'ಟ್ಯಾಕ್ಸ್ ಕಟ್ಟಿದ್ಯೋ ಇಲ್ವೋ?' ಹೆಬ್ಬೆಟ್ಟು. 'ಕಟ್ಟಿದ್ದಕ್ಕೆ ಹೆಬ್ಬೆಟ್ಟೋ, ಇಲ್ಲದ್ದಕ್ಕೋ?' ಹೆಬ್ಬೆಟ್ಟು.

'ಲೇ, ಆ ಮಗಂದು ಬೆರಳ ಮುರೀರಿ ಯಾರರ' ಎಂದು ಹುಬ್ಬಳ್ಳಿಯವನು ಬರೆದ. ಅದಕ್ಕೆ ಎರಡು ಹೆಬ್ಬೆಟ್ಟು.

ಕೊನೆಗೆ ಫೋನ್ ಮಾಡಿದೆ. ಬಾಯಲ್ಲಿ ಅವನು ಬಹಳ ಚೆನ್ನಾಗಿ ಮಾತಾಡುತ್ತಾನೆ, ಅದೇ ತಮಾಷೆ.

"ಕಟ್ಟಿದ್ದೆ ಮಾರಾಯ. ಏಪ್ರಿಲ್, ಮೇ, ಜೂನ್ ಕೈಯಾರೆ ಕಟ್ಟಿದ್ದೆ. ಆಮೇಲೆ ಎಲ್ಲಾ ಆಟೋಮ್ಯಾಟಿಕ್ ಮಾಡಿಟ್ಟೆ."

"ಎಲ್ಲಿ ಮಾಡಿಟ್ಟೆ?"

"ಬ್ಯಾಂಕ್ ಆಪಲ್ಲಿ. ಪಾಟ್ ಅಂತ ಇರುತ್ತಲ್ಲ, ಹುಂಡಿ ತರ. 'ಕೌನ್ಸಿಲ್' ಅಂತ ಹೆಸರಿಟ್ಟು ತಿಂಗಳು ತಿಂಗಳು 200 ಅದಕ್ಕೆ ಹೋಗೋ ಹಾಗೆ ಮಾಡಿದ್ದೆ."

"ಅಲ್ಲಿಂದ ಕೌನ್ಸಿಲ್‌ಗೆ ಯಾರೋ ಕಳಿಸೋದು?"

ಅವನು ಸುಮ್ಮನಾದ. ಫೋನಿನಲ್ಲಿ ಹೆಬ್ಬೆಟ್ಟು ಒತ್ತಲು ಬರುವುದಿಲ್ಲವಲ್ಲ.

ನೋಡಿ, ದುಡ್ಡು ಎಲ್ಲೂ ಹೋಗಿರಲಿಲ್ಲ. ಜುಲೈ, ಆಗಸ್ಟ್, ಸೆಪ್ಟೆಂಬರ್‌ನ 600 ಪೌಂಡ್ ಅವನ ಫೋನಿನ ಹುಂಡಿಯಲ್ಲಿ ಭದ್ರವಾಗಿ ಕೂತಿತ್ತು. ಕೌನ್ಸಿಲ್ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಕೌನ್ಸಿಲ್ಲಿಗೆ ಹೋಗಿ ಸೇರುತ್ತದೆ ಎಂದು ಆತ ನಂಬಿದ್ದ. ತಿರುಪತಿ ಎಂದು ಬರೆದ ಡಬ್ಬಿಗೆ ಮನೆಯಲ್ಲಿ ಕಾಸು ಹಾಕಿ, ತಿಮ್ಮಪ್ಪನಿಗೆ ಮುಟ್ಟಿತು ಅಂದ ಹಾಗೆ.

ಹಾಗಾದರೆ ಮಧ್ಯದಲ್ಲಿ ಕೌನ್ಸಿಲ್‌ನವರು ಒಂದು ಕಾಗದವನ್ನೂ ಹಾಕಲಿಲ್ಲವೇ? ಹಾಕಿದ್ದರು. ಒಂದು ಕಂತು ತಪ್ಪಿದರೆ ನೆನಪೋಲೆ ಬರುತ್ತದೆ, ಏಳು ದಿನದಲ್ಲಿ ಕಟ್ಟಿ ಅಂತ. ಆಗಲೂ ಕಟ್ಟದೆ ಮತ್ತೆ ಏಳು ದಿನ ಕಳೆದರೆ ಕಂತಿನ ಸೌಕರ್ಯವೇ ಹೋಯಿತು, ಇಡೀ ವರ್ಷದ ಬಾಕಿ ಒಂದೇ ಗಂಟಿಗೆ. ಆಮೇಲೆ ಸಮನ್ಸು, ಅದರ ಖರ್ಚು 92 ಪೌಂಡ್. ಕೋರ್ಟಿನಲ್ಲಿ ಇಂಥ ಹೆಸರುಗಳ ಉದ್ದ ಪಟ್ಟಿಯನ್ನೇ ಒಟ್ಟಿಗೆ ಮುಗಿಸುತ್ತಾರೆ. ಆಮೇಲೆ ವಸೂಲಿಯವರು. ಅವರ ಕಾಗದಕ್ಕೆ ನಮಗೆ ಬಿದ್ದದ್ದು 75, ಬಾಗಿಲಿಗೆ ಬಂದರೆ ಅದರ ಮೇಲೆ ಇನ್ನೂ ದೊಡ್ಡ ಫೀಸು.

ನೆನಪೋಲೆ ಬಂದಾಗ ನಾವಿನ್ನೂ ಅದೇ ಮನೆಯಲ್ಲಿದ್ದೆವು. ಆದರೆ ಆ ಮನೆಯಲ್ಲಿ ಕಾಗದಗಳಿಗೆ ಒಂದು ಜಾಗ ಇತ್ತು, ಮೈಕ್ರೋವೇವಿನ ತಲೆ. ಪಿಜ್ಜಾ ಅಂಗಡಿಯ ಪಟ್ಟಿ, ಟಿವಿ ಲೈಸೆನ್ಸಿನವರ ಬೆದರಿಕೆ, ಹಿಂದಿನ ಬಾಡಿಗೆದಾರರ ಪತ್ರಗಳು, ಎಲ್ಲಾ ಅಲ್ಲೇ ರಾಶಿ. 'ಆಮೇಲೆ ನೋಡೋಣ' ಎನ್ನುವುದು ನಮ್ಮ ಮನೆಯ ಸಂವಿಧಾನ. ಇದನ್ನೆಲ್ಲ ನಾನು ಫೋನಿನಲ್ಲಿ ಏರಿದ ದನಿಯಲ್ಲಿ ಹೇಳುತ್ತಾ, ಬಂದ ಕಾಗದ ಒಡೆದು ನೋಡದ ನೀನೆಂಥ ಮನುಷ್ಯ ಎಂದು ಅವನನ್ನು ತರಾಟೆಗೆ ತಗೊಂಡೆ. ಅವನು ಫೋನಿಟ್ಟು ಗ್ರೂಪಿಗೆ ಒಂದು ಹಳೇ ಫೋಟೋ ಹಾಕಿದ.

ಆಗಸ್ಟ್‌ನ ಒಂದು ಭಾನುವಾರ. ಹೊರಗೆ ಮಳೆ. ನಾನು ಮೆಣಸಿನಕಾಯಿ ಬಜ್ಜಿ ಕರಿದಿದ್ದೆ. ಹೆಮ್ಮೆಯಿಂದ ನಾನೇ ತೆಗೆದು ಹಾಕಿದ ಫೋಟೋ. ಎಂಟು ಬಜ್ಜಿ, ಬಂಗಾರದ ಬಣ್ಣ. ಅವುಗಳ ಕೆಳಗೆ ಎಣ್ಣೆ ಹೀರಲು ಹಾಸಿದ ಲಕೋಟೆ. ಲಕೋಟೆಯ ಮೂಲೆಯಲ್ಲಿ ಕೌನ್ಸಿಲ್‌ನ ಮುದ್ರೆ. ಎಣ್ಣೆ ಹೀರಿ ಪಾರದರ್ಶಕವಾದ ಕಡೆ, ಒಳಗಿನ ಕಾಗದದಲ್ಲಿ 'ರಿಮೈಂಡರ್' ಎನ್ನುವುದು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಒಡೆಯದೆಯೇ ಓದಬಹುದಾದ ಏಕೈಕ ನೋಟಿಸು. ಅದನ್ನು ನಾನು ಓದದೆ ಬಜ್ಜಿ ತಿಂದಿದ್ದೆ.

ಆ ಫೋಟೋದ ಕೆಳಗೆ ಅವನ ಹೆಬ್ಬೆಟ್ಟು ಆಗಸ್ಟ್‌ನಲ್ಲೇ ಬಿದ್ದಿತ್ತು.

ಸೋಮವಾರ ಬೆಳಗ್ಗೆ ಕೌನ್ಸಿಲ್ಲಿಗೆ ಫೋನ್ ಹಚ್ಚಿದೆ. 47 ನಿಮಿಷ ಪಿಯಾನೋ ಕೇಳಿದೆ. ಒಂದೇ ಬಿಟ್, ಮುಗಿಯುವ ಹೊತ್ತಿಗೆ ಸರಿಯಾಗಿ 'ನಿಮ್ಮ ಕರೆ ನಮಗೆ ಮುಖ್ಯ' ಎಂಬ ಪಲ್ಲವಿ. ಕೊನೆಗೆ ಒಬ್ಬ ಹೆಂಗಸು ಬಂದರು. ಆ ಕಡೆಯ ಜನ ಎಲ್ಲರನ್ನೂ ಪ್ರೀತಿಯಿಂದ 'ಮೀ ಡಕ್' ಎನ್ನುತ್ತಾರೆ. ನನ್ನ ಬಾತುಕೋಳಿಯೇ ಅಂತ. ಮೊದಲ ಸಲ ಕೇಳಿದಾಗ ಮನಸ್ಸಿಗೆ ಹಿತ ಅನಿಸಿತ್ತು. ಬಾಕಿ ವಸೂಲಿಯ ವಿಷಯದಲ್ಲಿ ಕೇಳಿದರೆ ಬೇರೆಯೇ ಅನಿಸುತ್ತದೆ. ಬಾತುಕೋಳಿಯನ್ನು ಕೊನೆಗೆ ಏನು ಮಾಡುತ್ತಾರೆ ಎಂದು ನಮಗೆಲ್ಲ ಗೊತ್ತು.

"ನೀವು ಮನೆ ಬಿಟ್ಟಿದ್ದನ್ನ ನಮಗೆ ತಿಳಿಸಿದ್ರಾ, ಮೀ ಡಕ್?"

ಇಲ್ಲ. ತಿಳಿಸಿರಲಿಲ್ಲ. ಅವನು ತಿಳಿಸಿರುತ್ತಾನೆ ಎಂದು ನಾವು, ಏಜೆಂಟ್ ತಿಳಿಸಿರುತ್ತಾನೆ ಎಂದು ಅವನು. ಹಾಗಾಗಿ ಅವರ ಪುಸ್ತಕದಲ್ಲಿ ನಾವು ಇನ್ನೂ ಅದೇ ಮನೆಯಲ್ಲಿ ಬಜ್ಜಿ ಕರಿಯುತ್ತಾ ಕೂತಿದ್ದೆವು. 1,400 ಬಾಕಿ ಬಂದದ್ದು ಹಾಗೆ.

ನನ್ನ ಪಾಲು ಮಾತ್ರ ನಾನು ಕಟ್ಟುತ್ತೇನೆ ಎಂದೆ. ಅದು ಹಾಗಲ್ಲ ಎಂದರು. ಒಂದೇ ಕರಾರಿನಲ್ಲಿ ಇದ್ದವರು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಅಂದರೆ ಪೂರ್ತಿ ದುಡ್ಡನ್ನು ಯಾರೊಬ್ಬರಿಂದ ಬೇಕಾದರೂ ಕೇಳಬಹುದು, ಸಿಕ್ಕಿದವನ ಹತ್ತಿರ. ಅವನು ಕೊಟ್ಟ ಮೇಲೆ ಉಳಿದವರ ಹಿಂದೆ ಅವನು ಓಡಬೇಕು. ಪಕ್ಕದ ಬೀದಿಯ ನಮ್ಮ ಸ್ನೇಹಿತರು ರೂಮಿಗೊಂದು ಕರಾರು ಮಾಡಿಕೊಂಡಿದ್ದರು, ಅಲ್ಲಿ ಓನರೇ ಕಟ್ಟುತ್ತಿದ್ದ. ನಾವು ಒಗ್ಗಟ್ಟಿನಲ್ಲಿ ಬಲವಿದೆ ಎಂದು ನಂಬಿದವರು.

"ಮನೇಲಿ ಎಲ್ಲರೂ ಕೆಲಸದಲ್ಲಿ ಇದ್ರಾ?" ಎಂದು ಆಕೆ ಕೇಳಿದರು. ಒಬ್ಬ ಫುಲ್‌ಟೈಮ್ ಸ್ಟೂಡೆಂಟ್ ಎಂದೆ. "ಅಯ್ಯೋ ಪಾಪ, ಅವನ ಮೇಲೆ ಹೊಣೆಯೇ ಇಲ್ಲ. ಸ್ಟೂಡೆಂಟ್‌ಗಳನ್ನ ನಾವು ಲೆಕ್ಕಕ್ಕೇ ಹಿಡಿಯೋದಿಲ್ಲ. ಉಳಿದವರು ಮೂರು ಜನ ಇದ್ದದ್ದರಿಂದ ಬಿಲ್ಲಿನಲ್ಲಿ ಮಾತ್ರ ಏನೂ ಕಡಿಮೆ ಆಗಲ್ಲ."

ಈ ಮಾತನ್ನು ನಾನು ಗ್ರೂಪಿನಲ್ಲಿ ಹೇಳಲಿಲ್ಲ. ಸುಮ್ನೆ ಮಕ್ಕಳ ಮನಸ್ಸು ಯಾಕೆ ಕೆಡಿಸಬೇಕು, ಅಲ್ವಾ?

ಮನೆ ಬಿಟ್ಟದ್ದಕ್ಕೆ ಪುರಾವೆ ಬೇಕು ಅಂದರು. ಏಜೆಂಟನಿಗೆ ನಾಲ್ಕು ಇಮೇಲ್ ಹಾಕಿದ ಮೇಲೆ ಒಂದು ಪತ್ರ ಬಂತು. ನನ್ನ ಹೊಸ ಮನೆಯ ಕರಾರನ್ನೂ ಕಳಿಸಿದೆ. ಅದು ಸರಿಯಾಗುವ ತನಕ ವಸೂಲಿಯವರನ್ನು ತಡೆದು ನಿಲ್ಲಿಸುತ್ತೇವೆ ಅಂದರೂ ನನಗೆ ನಂಬಿಕೆ ಬರಲಿಲ್ಲ. ಬಾಗಿಲು ಒಡೆದು ಒಳಗೆ ಬರುವ ಅಧಿಕಾರ ಅವರಿಗಿಲ್ಲ, ಒಲೆ, ಫ್ರಿಜ್ಜು, ಹಾಸಿಗೆ ಇಂಥದ್ದನ್ನು ಮುಟ್ಟುವ ಹಾಗಿಲ್ಲ ಎಂದು ಓದಿದೆ. ಗ್ರೈಂಡರ್ ವಿಷಯ ಎಲ್ಲೂ ಬರೆದಿರಲಿಲ್ಲ. ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರು, ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ಕಲ್ಲನ್ನು ಹೊತ್ತು ತಂದದ್ದು. ರಾತ್ರಿ ಅದನ್ನು ಎತ್ತಿ ಬೀರುವಿನಲ್ಲಿಟ್ಟೆ.

ವಿಡಿಯೋ ಕಾಲಿನಲ್ಲಿ ಅಮ್ಮ ನೋಡಿಬಿಟ್ಟರು. "ಗ್ರೈಂಡರ್ ಎಲ್ಲೋ?" ಹೇಳಲೇಬೇಕಾಯಿತು. ಹಿಂದೆ ಪೇಪರ್ ಓದುತ್ತಿದ್ದ ಅಪ್ಪನ ಕನ್ನಡಕ ಕೆಳಗಿಳಿಯಿತು. ಅಪ್ಪನದು ಬೇರೆಯೇ ಜಾತಿ. ಏಪ್ರಿಲ್‌ನಲ್ಲಿ ಮನೆ ಕಂದಾಯ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ ಇದೆಯಲ್ಲ, ಅದಕ್ಕೆ ಮೊದಲನೇ ವಾರವೇ ಹೋಗಿ ಕ್ಯೂ ನಿಲ್ಲುವ ಮನುಷ್ಯ. ಇಪ್ಪತ್ತು ವರ್ಷದ ರಸೀದಿ ಒಂದರ ಮೇಲೊಂದು ದಾರ ಹಾಕಿ ಕಟ್ಟಿಟ್ಟಿದ್ದಾರೆ.

"ಬಾಡಿಗೆಗೆ ಇದ್ದವನು ಯಾಕೋ ಕಂದಾಯ ಕಟ್ಟಬೇಕು?" ಎಂದರು. ವಿವರಿಸಿದೆ. ಸ್ವಲ್ಪ ಹೊತ್ತು ಬಿಟ್ಟು, "ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿಬಿಡೋದಲ್ವಾ?" ಎಂದರು. ಬೈಗುಳಕ್ಕಿಂತ ಇದು ಜಾಸ್ತಿ ತಾಗಿತು.

ಆಮೇಲೆ ಅಪ್ಪನೇ ಅಜ್ಜಿಯ ಮಾತು ತೆಗೆದರು. ನಮ್ಮ ಅಜ್ಜಿ ನಿಜವಾದ ಹೆಬ್ಬೆಟ್ಟು. ಓದು ಬರಹ ಇಲ್ಲ. ಸೊಸೈಟಿಯಲ್ಲಿ ಗೊಬ್ಬರದ ಸಾಲಕ್ಕೆ ಹೋದಾಗ ಗುಮಾಸ್ತರು ಅವರ ಬೆರಳು ಹಿಡಿದು ನೀಲಿ ಪ್ಯಾಡಿಗೆ ಒತ್ತಿ, ಆಮೇಲೆ ಪುಸ್ತಕಕ್ಕೆ ಒತ್ತುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಜೊತೆಗೆ ಹೋಗಿದ್ದೇನೆ. ಹೊರಗೆ ಬಂದ ತಕ್ಷಣ ಅಜ್ಜಿ ಆ ಹೆಬ್ಬೆರಳನ್ನು ತಲೆಗೂದಲಿಗೆ ತಿಕ್ಕಿ ಒರೆಸಿಕೊಳ್ಳುತ್ತಿದ್ದರು. ಬಿಳಿ ಕೂದಲಿನಲ್ಲಿ ಒಂದು ನೀಲಿ ಗೆರೆ. ಅದು ತೊಳೆದು ಹೋಗುತ್ತಿತ್ತು, ಸಾಲ ಮಾತ್ರ ಅವರ ತಲೆಯಿಂದ ಹೋಗುತ್ತಿರಲಿಲ್ಲ. ಕೊಬ್ಬರಿ ಮಾರಿದ ದುಡ್ಡು ಕೈಗೆ ಬಂದರೆ ಮೊದಲು ಕೇಳುತ್ತಿದ್ದದ್ದು ಅದನ್ನೇ. "ಸೊಸೈಟೀಲಿ ಹೆಬ್ಬೆಟ್ಟು ಒತ್ತಿ ಬಂದಿದ್ದೀನಿ ಕಣಪ್ಪ, ಮೊದ್ಲು ಅದನ್ನ ತೀರ್ಸು."

ಲೆಕ್ಕ ಮೊನ್ನೆ ಗುರುವಾರ ಮುಗಿಯಿತು. ಕೌನ್ಸಿಲ್‌ನವರು ದಿನದ ಲೆಕ್ಕ ಹಾಕುತ್ತಾರೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30, 183 ದಿನ, 1,002 ಪೌಂಡ್ 74 ಪೆನ್ನಿ. ಕಟ್ಟಿದ್ದು 600. ಬಾಕಿ 402.74. ಕೋರ್ಟಿನ 92, ವಸೂಲಿ ಕಾಗದದ 75 ಬಿಡುವುದಿಲ್ಲ ಅಂದರು, ಎಷ್ಟು ಗೋಗರೆದರೂ ಬಿಡಲಿಲ್ಲ. ಒಟ್ಟು 569.74. ಹುಂಡಿಯಲ್ಲಿದ್ದದ್ದು 600. ಯಾರೂ ಒಂದು ಕಾಸು ಮೇಲೆ ಹಾಕದೆ ಎಲ್ಲ ತೀರಿ, 30 ಪೌಂಡ್ 26 ಪೆನ್ನಿ ಉಳಿಯಿತು. ತಲೆಗೆ 7.56. ಇನ್ನೂ 2 ಪೆನ್ನಿ ಮಿಕ್ಕಿತು. ಅದನ್ನು ಹುಂಡಿಯಲ್ಲೇ ಬಿಟ್ಟಿದ್ದಾನೆ, 'ಕೌನ್ಸಿಲ್' ಎನ್ನುವ ಹೆಸರೂ ಹಾಗೇ ಇದೆ.

ಮೂರು ವಾರದ ಪಿಯಾನೋ, ಇಮೇಲು, ನಿದ್ದೆಗೆಟ್ಟ ರಾತ್ರಿಗಳಿಗೆ ನನಗೆ ಸಿಕ್ಕ ಲಾಭ 7 ಪೌಂಡ್ 56 ಪೆನ್ನಿ. ಗ್ರೂಪಿನಲ್ಲಿ ಎಲ್ಲರೂ ಸಮಾಧಾನವಾಗಿದ್ದರು. ಗ್ರೈಂಡರನ್ನು ಬೀರುವಿನಿಂದ ಇಳಿಸಿ, ಅಕ್ಕಿ ಬೇಳೆ ನೆನೆ ಹಾಕಿದೆ.

ನಿನ್ನೆ ರಾತ್ರಿ ಮೈಸೂರಿನ ಹುಡುಗ ಗ್ರೂಪಿಗೆ ಬರೆದ. ಅವನಿಗೆ ಈಗ ಕೆಲಸ ಸಿಕ್ಕಿದೆ, ಹೊಸ ಊರಿನಲ್ಲಿ ಮೊದಲ ಸಲ ತನ್ನ ಹೆಸರಿಗೆ ಬಿಲ್ ಬಂದಿದೆ, ಅದರ ಹಿಂದುಗಡೆ ಸಣ್ಣಕ್ಷರದಲ್ಲಿ ಇದ್ದದ್ದನ್ನೆಲ್ಲ ಓದಿದ್ದಾನೆ. ಇಂಥ ಜನ ಇರುತ್ತಾರೆ ನೋಡಿ.

'ಗುರು, ಫುಲ್‌ಟೈಮ್ ಸ್ಟೂಡೆಂಟ್ ಆದ್ರೆ ಕೌನ್ಸಿಲ್ ಟ್ಯಾಕ್ಸ್ ಕಟ್ಟೋ ಹಾಗೇ ಇಲ್ವಂತೆ? ಅಂದ್ರೆ ಹಿಂದಿನ ವರ್ಷದ ಬಿಲ್ಲಿಂದೂ ಸೇರಿ ನಾನು ಕೊಟ್ಟ ಹತ್ತು ತಿಂಗಳ 500 ಪೌಂಡು ನೀವು ಮೂರು ಜನ ನಂಗೆ ವಾಪಸ್ ಕೊಡಬೇಕು, ಅಲ್ವಾ?'

ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಮೂವರೂ ಓದಿದ್ದೇವೆ ಎಂದು ನೀಲಿ ಗೀಟು ಹೇಳುತ್ತಿತ್ತು. ಮೊದಲು ತೀರ್ಥಹಳ್ಳಿಯವನ ಹೆಬ್ಬೆಟ್ಟು ಬಂತು. ಒಂದೇ. ಆಮೇಲೆ, ಇಷ್ಟು ದಿನ ಬೆರಳು ಮುರಿಯುತ್ತೇನೆ ಎನ್ನುತ್ತಿದ್ದ ಹುಬ್ಬಳ್ಳಿಯವನದೂ ಬಂತು.

ನಾನು ತುಂಬಾ ಹೊತ್ತು ಫೋನ್ ನೋಡುತ್ತಾ ಕೂತಿದ್ದೆ. ಏನೋ ನಾಲ್ಕು ಸಾಲು ಬರೆದೆ, ಅಳಿಸಿದೆ. ಕೊನೆಗೆ ನಾನೂ ಒತ್ತಿದೆ. ಒತ್ತಿದ ಮೇಲೆ ಯಾಕೋ ಗೊತ್ತಿಲ್ಲ, ಆ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡೆ.